ನೆರೆಯಲ್ಲಿ ಹೋದ ಗಂಟಿಗೆ ಸರಕಾರದ ನೆರವು



ಕುಂದಾಪುರ, ಬೈಂದೂರು, ಬ್ರಹ್ಮಾವರ, ಈ ಮೂರು ತಾಲೂಕುಗಳ ಒಕ್ಕಲು ಮನೆಗಳಲ್ಲಿ ಮಳೆಗಾಲ ಬಂತೆಂದರೆ ಎರಡು ಚಿಂತೆ. ಒಂದು ಬೈಲಿನ ಚಿಂತೆ, ಇನ್ನೊಂದು ಹಟ್ಟಿಯ ಚಿಂತೆ. ಬೈಲಿಗೆ ನೀರು ನುಗ್ಗಿ ನಟ್ಟಿ ಕೊಳೆತರೆ, ಹೊಟ್ಟೆ ಉರಿದರೂ, ಮತ್ತೊಮ್ಮೆ ನೆಡಬಹುದು. ಹಟ್ಟಿಗೆ ನೀರು ನುಗ್ಗಿ ಕರೆಯುವ ಹಸು ಹೋಯಿತೆಂದರೆ ಡೇರಿಯ ಪಾಸುಪುಸ್ತಕ ಅಂದಿಗೇ ನಿಂತುಹೋಗುತ್ತದೆ. ಮಕ್ಕಳ ಶಾಲೆಯ ಖರ್ಚು, ಅಂಗಡಿಯ ಬಾಕಿ, ಸಂಘದ ಸಾಲದ ಕಂತು ಎಲ್ಲವೂ ಆ ಒಂದು ಹಸುವಿನ ಬೆನ್ನ ಮೇಲೆ ಇದ್ದವೆಂಬುದು ಆಗ ಗೊತ್ತಾಗುತ್ತದೆ.

ಹಾಗೆ ಗಂಟಿ ಕಳೆದುಕೊಂಡವರಿಗೆ ಸರಕಾರ ಕೊಡುವ ನೆರವು ಎಷ್ಟು, ಅದನ್ನು ಪಡೆಯುವ ಬಗೆ ಹೇಗೆ, ಅದು ಕೈತಪ್ಪುವುದು ಎಲ್ಲಿ ಎಂಬುದನ್ನು ಇವತ್ತು ತಿಳಿಸುತ್ತೇನೆ. ನಮ್ಮ ಕಡೆ ಗಂಟಿ ಎಂದರೆ ಹಸು, ಎಮ್ಮೆ, ಎತ್ತು, ಕೋಣ ಎಲ್ಲವೂ ಆಯಿತು. ಆದರೆ ಸರಕಾರದ ಕಾಗದದಲ್ಲಿ ಒಂದೊಂದಕ್ಕೂ ಒಂದೊಂದು ಲೆಕ್ಕ ಉಂಟು. ಆ ಲೆಕ್ಕವನ್ನು ಮನೆಯವರೆಲ್ಲ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರದೊಳಗೆ ಸುರಿದು ಮುಗಿಯುತ್ತದೆ. ಘಟ್ಟದಿಂದ ಇಳಿದ ನೀರು ಸಮುದ್ರ ಸೇರಲು ಇರುವ ದಾರಿ ಸಣ್ಣದು. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ಹೊಳೆಗಳು ಗಂಗೊಳ್ಳಿಯ ಹತ್ತಿರ ಒಟ್ಟುಗೂಡಿ ಕಡಲಿಗೆ ಸೇರುತ್ತವೆ. ಕಡಲಿನಲ್ಲಿ ಭರತ ಇದ್ದ ಹೊತ್ತಿಗೆ ಘಟ್ಟದ ನೀರೂ ಬಂದರೆ ಹೊಳೆ ಹಿಂದಕ್ಕೆ ಒತ್ತುತ್ತದೆ. ನಾವುಂದದ ಸಾಲ್ಬುಡದವರಿಗೂ ಬಡಾಕೆರೆಯವರಿಗೂ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಬ್ರಹ್ಮಾವರದ ಕಡೆ ಸೀತಾ, ಸ್ವರ್ಣಾ ನದಿಗಳದ್ದೂ ಇದೇ ಸಂಗತಿ. 2020ನೇ ಇಸವಿ ಸೆಪ್ಟೆಂಬರ್ 20ರಂದು ಒಂದೇ ರಾತ್ರಿಯ ಮಳೆಗೆ ಉಡುಪಿ, ಬ್ರಹ್ಮಾವರದ ಕಡೆಗಳಲ್ಲಿ ನೀರು ಏರಿ ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. ಮರುವರ್ಷ, 2021ರ ಮೇ ತಿಂಗಳಲ್ಲಿ, ತೌಕ್ತೆ ಚಂಡಮಾರುತ ಮರವಂತೆಯ ಕಡಲತೀರವನ್ನು ಕೊರೆಯಿತು. 2022ರ ಆಗಸ್ಟ್ ಮೊದಲಿಗೆ ಭಟ್ಕಳ, ಶಿರೂರು ಭಾಗದಲ್ಲಿ ನೋಡನೋಡುತ್ತ ನೆರೆ ಬಂತು. ಇಂಥ ರಾತ್ರಿಗಳಲ್ಲಿ ಮನುಷ್ಯರು ಹೇಗೋ ಅಟ್ಟ ಹತ್ತಿ, ದೋಣಿ ಹತ್ತಿ ಜೀವ ಉಳಿಸಿಕೊಳ್ಳುತ್ತಾರೆ. ಗೂಟಕ್ಕೆ ಕಟ್ಟಿದ ಗಂಟಿ ಎಲ್ಲಿ ಹತ್ತೀತು?

ಹಿಂದಿನ ಕಾಲದಲ್ಲಿ ಇಂಥ ನಷ್ಟಕ್ಕೆ ಸಿಗುತ್ತಿದ್ದದ್ದು ತಗಾವಿ ಸಾಲ. ನಮ್ಮ ಈ ಸೀಮೆ ಮದ್ರಾಸು ಪ್ರಾಂತಕ್ಕೆ ಸೇರಿದ್ದಾಗ, 1884ರ ರೈತರ ಸಾಲದ ಕಾಯಿದೆಯ ಪ್ರಕಾರ ಬೀಜ ಕೊಳ್ಳಲು, ಜಾನುವಾರು ಕೊಳ್ಳಲು ಸರಕಾರ ಸಾಲ ಕೊಡುತ್ತಿತ್ತು. ಸಾಲವೆಂದ ಮೇಲೆ ತಿರುಗಿ ಕಟ್ಟಬೇಕು. ಈಗಿನ ನೆರವು ಹಾಗಲ್ಲ, ಇದನ್ನು ತಿರುಗಿ ಕಟ್ಟಬೇಕಾಗಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯಿದೆಯ ಪ್ರಕಾರ ಪ್ರತಿಯೊಂದು ರಾಜ್ಯದಲ್ಲಿ ವಿಪತ್ತು ಪರಿಹಾರ ನಿಧಿ ಎಂಬುದೊಂದು ಇದೆ. ಕರ್ನಾಟಕದ ನಿಧಿಗೆ ನೂರರಲ್ಲಿ 75 ಪಾಲನ್ನು ಕೇಂದ್ರ ಸರಕಾರವೂ 25 ಪಾಲನ್ನು ರಾಜ್ಯ ಸರಕಾರವೂ ಹಾಕುತ್ತವೆ. ನೆರೆ, ಚಂಡಮಾರುತ, ಬರ, ಗುಡ್ಡ ಕುಸಿತ, ಬೆಂಕಿ, ಮೇಘಸ್ಫೋಟ ಮೊದಲಾದ ವಿಪತ್ತುಗಳಲ್ಲಿ ಯಾವ ನಷ್ಟಕ್ಕೆ ಎಷ್ಟು ಕೊಡಬೇಕೆಂಬುದನ್ನು ಕೇಂದ್ರದ ಗೃಹ ಮಂತ್ರಾಲಯವು ಕೆಲವು ವರ್ಷಗಳಿಗೊಮ್ಮೆ ಗೊತ್ತುಮಾಡುತ್ತದೆ.

2022-23ರಿಂದ 2025-26ರವರೆಗಿನ ಅವಧಿಗೆ ಗೊತ್ತುಮಾಡಿದ ದರ ಹೀಗಿದೆ. ಕಾಗದ, ಪೆನ್ಸಿಲು ಇದ್ದರೆ ಬರೆದುಕೊಳ್ಳಿ.

ಹಾಲು ಕೊಡುವ ಹಸು ಅಥವಾ ಎಮ್ಮೆ ಒಂದಕ್ಕೆ 37,500 ರೂಪಾಯಿ.

ಉಳುವ ಎತ್ತು, ಕೋಣದಂಥ ದೊಡ್ಡ ಗಂಟಿ ಒಂದಕ್ಕೆ 32,000 ರೂಪಾಯಿ.

ಕರು ಒಂದಕ್ಕೆ 20,000 ರೂಪಾಯಿ.

ಆಡು, ಕುರಿ, ಹಂದಿ ಒಂದಕ್ಕೆ 4,000 ರೂಪಾಯಿ.

ಕೋಳಿ ಒಂದಕ್ಕೆ 100 ರೂಪಾಯಿ, ಆದರೆ ಒಂದು ಮನೆಗೆ ಒಟ್ಟು 10,000 ರೂಪಾಯಿ ಮೀರುವಂತಿಲ್ಲ.

ಮನೆಗೆ ಹೊಂದಿಕೊಂಡ ಹಟ್ಟಿ ಬಿದ್ದರೆ ಹಟ್ಟಿಯೊಂದಕ್ಕೆ 3,000 ರೂಪಾಯಿ.

ಇದಕ್ಕೆ ಮುಂಚಿನ ಅವಧಿಯಲ್ಲಿ ಹಸುವಿಗೆ 30,000, ಎತ್ತಿಗೆ 25,000, ಕರುವಿಗೆ 16,000 ಇತ್ತು. ದರ ಕಾಲಕಾಲಕ್ಕೆ ಬದಲಾಗುವುದರಿಂದ ಅರ್ಜಿ ಕೊಡುವ ಹೊತ್ತಿಗೆ ನಡೆಯುತ್ತಿರುವ ದರ ಯಾವುದೆಂದು ತಾಲೂಕು ಕಚೇರಿಯಲ್ಲಿ ಕೇಳಿಕೊಳ್ಳತಕ್ಕದ್ದು.

ಈ ದರಕ್ಕೆ ಒಂದು ಮಿತಿ ಉಂಟು. ಒಂದು ಮನೆಗೆ ಹಾಲಿನ ದೊಡ್ಡ ಗಂಟಿಯಾದರೆ 3, ಉಳುಮೆಯ ದೊಡ್ಡ ಗಂಟಿಯಾದರೆ 3, ಆಡು ಕುರಿಯಾದರೆ 30, ಕರುವಿನಂಥ ಸಣ್ಣವಾದರೆ 6, ಅಷ್ಟಕ್ಕೇ ಹಣ. ಹೆಚ್ಚು ಸತ್ತರೂ ಹೆಚ್ಚು ಸಿಗುವುದಿಲ್ಲ. ಒಂದು ಮನೆಯಲ್ಲಿ ಎರಡು ಕರೆಯುವ ಹಸು, ಒಂದು ಕರು, ಆರು ಕೋಳಿ ನೆರೆಗೆ ಹೋದವು ಎಂದು ಇಟ್ಟುಕೊಳ್ಳಿ. ಹಸುಗಳಿಗೆ 75,000, ಕರುವಿಗೆ 20,000, ಕೋಳಿಗಳಿಗೆ 600, ಒಟ್ಟು 95,600 ರೂಪಾಯಿ ಆಯಿತು. ಅದೇ ಐದು ಹಸು ಹೋದ ಮನೆಗೆ ಮೂರರ ಲೆಕ್ಕದಲ್ಲಿ 1,12,500 ರೂಪಾಯಿ ಮಾತ್ರ. ಉಳಿದ ಎರಡು ಹಸುಗಳ ನಷ್ಟ ಮನೆಯವರ ಪಾಲಿಗೇ ಉಳಿಯುತ್ತದೆ.

"ಇದೆಂತ ಲೆಕ್ಕ ಮಾರಾಯ್ರೆ? ಒಳ್ಳೆ ಕರೆಯುವ ಹಸುವಿಗೆ ಸಂತೆಯಲ್ಲಿ ಇದರ ಎರಡು ಪಾಲು ಕೇಳ್ತಾರೆ" ಎಂದು ಕೆಲವರು ಹೇಳಬಹುದು. ಮಾತು ನಿಜವೇ. ಇದು ಹಸುವಿನ ಬೆಲೆ ಎಂದು ತಿಳಿಯಬಾರದು. ಬಿದ್ದವರು ಏಳುವುದಕ್ಕೆ ಚಾಚಿದ ಕೈ ಎಂದು ತಿಳಿಯಬೇಕು. ಅಮೆರಿಕದಂಥ ಸಿರಿವಂತ ದೇಶದಲ್ಲಿಯೂ ಬಿರುಗಾಳಿ, ಪ್ರವಾಹಗಳಿಗೆ ಸತ್ತ ಪಶುವಿಗೆ ಅಲ್ಲಿನ ಸರಕಾರ ಮಾರುಕಟ್ಟೆಯ ಬೆಲೆಯಲ್ಲಿ ನೂರಕ್ಕೆ 75 ಪಾಲು ಕೊಡುತ್ತದೆಯೇ ಹೊರತು ಪೂರ್ತಿ ಕೊಡುವುದಿಲ್ಲ. ಅಲ್ಲಿಯೂ ಎಷ್ಟು ಪಶು ಇದ್ದವು, ಎಷ್ಟು ಸತ್ತವು ಎಂಬುದಕ್ಕೆ ರೈತನೇ ದಾಖಲೆ ತೋರಿಸಬೇಕು. ಹಸುವಿನ ಪೂರ್ತಿ ಬೆಲೆ ಕೈಗೆ ಬರಬೇಕಾದರೆ ಅದಕ್ಕೆ ದಾರಿ ವಿಮೆಯೇ. ಆ ಮಾತು ಮುಂದೆ ಬರುತ್ತದೆ.

ಈಗ ಮುಖ್ಯವಾದ ಸಂಗತಿ. ನೆರವು ಕೈತಪ್ಪಿಹೋಗುವುದು ಎಲ್ಲಿ? ಬಹಳ ಸಲ ಅದು ತಪ್ಪುವುದು ಗಂಟಿ ಸತ್ತ ಮರುದಿನ ಬೆಳಿಗ್ಗೆ, ನಮ್ಮದೇ ತೋಟದ ಮೂಲೆಯಲ್ಲಿ.

ಹೊಳೆಯ ಬದಿಯ ಎರಡು ಮನೆಗಳನ್ನು ಎಣಿಸಿಕೊಳ್ಳಿ. ರಾತ್ರಿ ನೆರೆ ಬಂತು, ಎರಡೂ ಹಟ್ಟಿಯಲ್ಲಿ ಒಂದೊಂದು ಹಸು ಸತ್ತಿತು. ಬೆಳಿಗ್ಗೆ ಮೊದಲನೆಯ ಮನೆಗೆ ನೆರೆಕರೆಯವರು ಬಂದರು. "ಸತ್ತ ಗಂಟಿನ ಎಷ್ಟ್ ಹೊತ್ತ್ ಇಟ್ಕಂಬುದ್ ಮಾರ್ರೆ? ಹೂತ್ ಹಾಕಿ" ಎಂದರು. ನಾಲ್ಕು ಜನ ಸೇರಿ ಗುಂಡಿ ತೋಡಿ ಹೂತರು. ಮೂರು ದಿನ ಕಳೆದು ನೀರು ಇಳಿದ ಮೇಲೆ ಯಜಮಾನರು ಪಂಚಾಯತಿಗೆ ಹೋದರು. ಅಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಡಾಕ್ಟರು ನೋಡಿದ್ದಾರೆಯೇ?" ನೋಡಿರಲಿಲ್ಲ. ಚಿತ್ರ ಇರಲಿಲ್ಲ, ಕಿವಿಯ ಓಲೆಯ ನಂಬ್ರ ಯಾರಿಗೂ ನೆನಪಿರಲಿಲ್ಲ. ಹಸು ಇದ್ದದ್ದು ನಿಜ, ಸತ್ತದ್ದು ನಿಜ, ಆದರೆ ಆ ನಿಜಕ್ಕೆ ಕಾಗದ ಇರಲಿಲ್ಲ. ಎರಡನೆಯ ಮನೆಯಲ್ಲಿ ಕಲಿಯುವ ಮಗಳೊಬ್ಬಳು ಇದ್ದಳು. ಹಸುವನ್ನು ಎಳೆಯುವ ಮೊದಲೇ ಅವಳು ಮೊಬೈಲಿನಲ್ಲಿ ಕಿವಿಯ ಓಲೆಯ ಚಿತ್ರ ತೆಗೆದಳು, ಹಟ್ಟಿಯ ಗೋಡೆಯ ಮೇಲಿನ ನೀರಿನ ಗುರುತಿನ ಚಿತ್ರ ತೆಗೆದಳು, ಗ್ರಾಮ ಆಡಳಿತ ಅಧಿಕಾರಿಗೂ ಪಶು ಆಸ್ಪತ್ರೆಗೂ ಫೋನು ಮಾಡಿಸಿದಳು. ಡಾಕ್ಟರು ಬಂದು ನೋಡಿ ಬರೆದುಕೊಟ್ಟ ಮೇಲೆ ಹೂತರು. ಇಬ್ಬರ ದುಃಖವೂ ಒಂದೇ. ಆದರೆ ಕಾಗದ ಇದ್ದದ್ದು ಒಬ್ಬರಲ್ಲಿ ಮಾತ್ರ.

ಇದು ಎಣಿಕೆಯ ಕತೆ. ಆದರೂ ಇದರಲ್ಲಿ ನಿಮಗೆ ನಿಮ್ಮ ಊರಿನ ಮನೆಗಳು ಕಂಡರೆ ಆಶ್ಚರ್ಯವಿಲ್ಲ.

ಹಾಗಾದರೆ ಗಂಟಿ ಸತ್ತ ದಿನ ಮಾಡಬೇಕಾದ್ದೇನು? ಐದು ಕೆಲಸ.

ಮೊದಲನೆಯದು, ಅದೇ ದಿನ ತಿಳಿಸುವುದು. ಊರಿನ ಗ್ರಾಮ ಆಡಳಿತ ಅಧಿಕಾರಿಗೆ, ಅಂದರೆ ನಾವು ಮೊದಲು ಗ್ರಾಮಕರಣಿಕರು ಎನ್ನುತ್ತಿದ್ದವರಿಗೆ, ತಿಳಿಸಬೇಕು. ಹತ್ತಿರದ ಪಶು ಆಸ್ಪತ್ರೆಗೂ ತಿಳಿಸಬೇಕು. ದಾರಿ ಮುರಿದು ಹೋಗಲಾಗದಿದ್ದರೆ ಫೋನಿನಲ್ಲಿ ತಿಳಿಸಿರಿ. ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿಯ ಸಂಖ್ಯೆ 1077. ಪಶುಗಳ ಚಿಕಿತ್ಸಾ ವಾಹನಕ್ಕೆ ಕರೆಯುವ ಸಂಖ್ಯೆ 1962. ಈ ಎರಡನ್ನೂ ಹಟ್ಟಿಯ ಬಾಗಿಲ ಮೇಲೆ ಸುಣ್ಣದಲ್ಲಿ ಬರೆದಿಟ್ಟರೆ ಬಹಳ ಒಳ್ಳೆಯದು. ಯಾವ ಗಂಟೆಗೆ ಯಾರಿಗೆ ಫೋನು ಮಾಡಿದಿರಿ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದಿಡಿ.

ಎರಡನೆಯದು, ಚಿತ್ರ. ಸತ್ತ ಗಂಟಿಯ ಪೂರ್ತಿ ದೇಹ ಕಾಣುವ ಹಾಗೆ ಒಂದು, ಕಿವಿಯ ಓಲೆಯ ನಂಬ್ರ ಓದುವ ಹಾಗೆ ಒಂದು, ಹಟ್ಟಿ ಮತ್ತು ನೀರು ಕಾಣುವ ಹಾಗೆ ಒಂದು. ಮನೆಯವರೊಬ್ಬರು ಪಕ್ಕದಲ್ಲಿ ನಿಂತಿದ್ದರೆ ಇನ್ನೂ ಒಳ್ಳೆಯದು.

ಮೂರನೆಯದು, ಪಶುವೈದ್ಯರ ಪರೀಕ್ಷೆ. ಯಾವ ಕಾರಣದಿಂದ ಸತ್ತಿತು ಎಂದು ಅವರು ಬರೆದುಕೊಡುವ ದೃಢಪತ್ರವೇ ಈ ವಿಷಯದಲ್ಲಿ ಬೆನ್ನೆಲುಬು. ಹಸುವಿನ ಪ್ರಾಯ, ಎಷ್ಟನೆಯ ಕರು, ಕರೆಯುತ್ತಿತ್ತೋ ಗಬ್ಬವಿತ್ತೋ ಎಂಬ ವಿವರವೂ ಅದರಲ್ಲಿ ಬರುವಂತೆ ಕೇಳಿಕೊಳ್ಳಿರಿ. ಏಕೆಂದರೆ ಆದಾಯ ಕೊಡುವ ಗಂಟಿಗೆ ಮಾತ್ರ ನೆರವು ಎಂಬುದು ನಿಯಮ. ಒಂದು ಎಚ್ಚರಿಕೆ: ಹಠಾತ್ತನೆ ಸತ್ತು ಮೂಗು, ಬಾಯಿ, ಗುದದಿಂದ ಕಪ್ಪು ರಕ್ತ ಸೋರುವ ಗಂಟಿಯನ್ನು ಯಾರೂ ಮುಟ್ಟಿ ಕೊಯ್ಯಬಾರದು. ಅದು ನೆರಡಿ ರೋಗವಾಗಿದ್ದರೆ ಮನುಷ್ಯರಿಗೂ ಅಪಾಯ.

ನಾಲ್ಕನೆಯದು, ಮಹಜರು. ಕಂದಾಯದವರು ಸ್ಥಳಕ್ಕೆ ಬಂದು ನೆರೆಕರೆಯವರ ಮುಂದೆ ಬರೆಯುವ ಮಹಜರಿನಲ್ಲಿ ಎಷ್ಟು ಗಂಟಿ, ಯಾವ ಜಾತಿ, ಯಾವ ದಿನ, ಯಾವ ಕಾರಣ ಎಂಬುದನ್ನು ಓದಿಸಿ ಕೇಳಿದ ಮೇಲೆ ಸಹಿ ಹಾಕಿರಿ. ಗಂಟಿ ನೀರಿನಲ್ಲಿ ಕೊಚ್ಚಿ ಹೋಗಿ ಹೆಣವೇ ಸಿಗದಿದ್ದರೆ ಈ ಮಹಜರಿಗೆ ಇನ್ನೂ ಹೆಚ್ಚಿನ ಬೆಲೆ. ಆಗ ಹಾಲಿನ ಸಂಘದ ಪುಸ್ತಕ, ಕೃತಕ ಗರ್ಭಧಾರಣೆಯ ಚೀಟಿ, ಲಸಿಕೆಯ ದಾಖಲೆ, ನೆರೆಕರೆಯವರ ಹೇಳಿಕೆ ಇವೇ ನಿಮ್ಮ ಸಾಕ್ಷಿ.

ಐದನೆಯದು, ಅರ್ಜಿ. ಬಿಳಿ ಕಾಗದದ ಅರ್ಜಿಯಾದರೂ ಸರಿ, ಅದರ ಜೊತೆಗೆ ಡಾಕ್ಟರ ದೃಢಪತ್ರ, ಚಿತ್ರ, ಆಧಾರ್ ಪ್ರತಿ, ಬ್ಯಾಂಕಿನ ಪಾಸುಪುಸ್ತಕದ ಮೊದಲ ಪುಟದ ಪ್ರತಿ ಇರಲಿ. ಹಣ ಬರುವುದು ಬ್ಯಾಂಕಿಗೆ. ಆದಕಾರಣ ಖಾತೆಗೆ ಆಧಾರ್ ಜೋಡಿಸಿದೆಯೋ, ಖಾತೆ ನಡೆಯುತ್ತಿದೆಯೋ ಎಂದು ಮೊದಲೇ ವಿಚಾರಿಸಿರಿ. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಗೆ ಬರಬೇಡಿ. ಕುಂದಾಪುರದವರು ಕುಂದಾಪುರಕ್ಕೆ, ಬೈಂದೂರಿನವರು ಬೈಂದೂರಿಗೆ, ಬ್ರಹ್ಮಾವರದವರು ಬ್ರಹ್ಮಾವರಕ್ಕೆ ಹೋದರೆ ಸಾಕು. 2018ರಲ್ಲಿ ಬೈಂದೂರು, ಬ್ರಹ್ಮಾವರ ಬೇರೆ ತಾಲೂಕುಗಳಾದ ಮೇಲೆ ಮೂರು ಕಡೆಯೂ ತಹಶೀಲ್ದಾರರು ಇದ್ದಾರೆ. ತಹಶೀಲ್ದಾರರಲ್ಲಿ ಅರ್ಜಿ ಬಹಳ ಕಾಲ ನಿಂತರೆ ಕುಂದಾಪುರದ ಉಪವಿಭಾಗಾಧಿಕಾರಿಗಳಿಗೂ, ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿಗಳ ಕಚೇರಿಗೂ ಬರೆದು ತಿಳಿಸಬಹುದು. ಬರೆಯುವಾಗ ಸ್ವೀಕೃತಿಯ ತಾರೀಕು ಕಾಣಿಸಿರಿ.

ಈ ಐದು ಕೆಲಸ ಮುಗಿದ ಮೇಲೆ ಗಂಟಿಯನ್ನು ಬಾವಿಯಿಂದಲೂ ಹೊಳೆಯಿಂದಲೂ ದೂರದ ಎತ್ತರದ ಜಾಗದಲ್ಲಿ ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಬೇಕು. ಹೊಳೆಗೆ ತಳ್ಳಬಾರದು. ನಿಮ್ಮ ಹಟ್ಟಿಯಿಂದ ಹೋದದ್ದು ಕೆಳಗಿನ ಊರಿನವರ ಬಾವಿಗೆ ಹೋಗಿ ಸೇರುತ್ತದೆ.

ಇನ್ನು, ಯಾವ ಸಾವಿಗೆ ಯಾವ ಬಾಗಿಲು ತಟ್ಟಬೇಕು ಎಂಬುದು. ಇದರಲ್ಲಿ ಗೊಂದಲ ಬಹಳ. ನೆರೆ, ಗಾಳಿ, ಗುಡ್ಡ ಕುಸಿತ, ಬೆಂಕಿಯಿಂದ ಸತ್ತರೆ ತಹಶೀಲ್ದಾರರ ಬಾಗಿಲು. ಸಿಡಿಲಿನ ಮಾತು ಸ್ವಲ್ಪ ಬೇರೆ. 2022ರ ಕೇಂದ್ರದ ಪಟ್ಟಿಯಲ್ಲಿ ಸಿಡಿಲಿನ ಹೆಸರಿಲ್ಲ. ಆದರೆ ರಾಜ್ಯಗಳು ತಮ್ಮಲ್ಲಿ ಹೆಚ್ಚಾಗಿ ಕಾಡುವ ವಿಪತ್ತುಗಳನ್ನು ತಾವೇ ಸಾರಿ, ನಿಧಿಯ ನೂರರಲ್ಲಿ 10 ಪಾಲಿನವರೆಗೆ ಅದಕ್ಕೆ ಖರ್ಚು ಮಾಡಬಹುದು. ನಮ್ಮ ರಾಜ್ಯದಲ್ಲಿ ಸಿಡಿಲಿಗೂ ಪರಿಹಾರ ಕೊಡುವ ಪದ್ಧತಿ ಇದೆ. ಆದ್ದರಿಂದ ಸಿಡಿಲು ಬಡಿದು ಸತ್ತ ಗಂಟಿಗೂ ತಹಶೀಲ್ದಾರರಿಗೇ ಅರ್ಜಿ ಕೊಡತಕ್ಕದ್ದು.

ಗಾಳಿಗೆ ಕಡಿದುಬಿದ್ದ ವಿದ್ಯುತ್ ತಂತಿ ತುಳಿದು ಗಂಟಿ ಸತ್ತರೆ ಮೆಸ್ಕಾಂ ಕಚೇರಿಗೆ ತಿಳಿಸಬೇಕು. ಅಲ್ಲಿ ವಿದ್ಯುತ್ ಪರಿವೀಕ್ಷಕರು ಬಂದು ನೋಡಿ ವರದಿ ಕೊಡುವ ಕ್ರಮ ಉಂಟು. ಅವರು ಬರುವವರೆಗೆ ತಂತಿಯನ್ನಾಗಲಿ ಗಂಟಿಯನ್ನಾಗಲಿ ಮುಟ್ಟಬೇಡಿ. ಮೊದಲು ನಿಮ್ಮ ಜೀವ. ಕೊಲ್ಲೂರಿನ ಮೂಕಾಂಬಿಕಾ ಅಭಯಾರಣ್ಯದ ಅಂಚಿನ ಊರುಗಳಲ್ಲಿಯೂ ಇತರ ಕಾಡುಬದಿಯಲ್ಲಿಯೂ ಚಿರತೆ ಹಿಡಿದು ಸತ್ತರೆ ಅರಣ್ಯ ಇಲಾಖೆಯ ಬಾಗಿಲು. ಅಲ್ಲಿಯೂ ಹೆಣ ಎಳೆದುಹಾಕುವ ಮೊದಲು ಅವರು ಬಂದು ನೋಡಬೇಕು.

ರೋಗದಿಂದ ಸತ್ತದ್ದಕ್ಕೆ ಈ ವಿಪತ್ತಿನ ನಿಧಿಯಿಂದ ಹಣ ಸಿಗುತ್ತದೆಂದು ತಿಳಿಯಬೇಡಿ. 2022ರಲ್ಲಿ ಚರ್ಮಗಂಟು ರೋಗ ರಾಜ್ಯಕ್ಕೆಲ್ಲ ಹಬ್ಬಿದಾಗ ರಾಜ್ಯ ಸರಕಾರ ಬೇರೆಯೇ ಆಜ್ಞೆ ಮಾಡಿ, ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಗೊತ್ತುಮಾಡಿತು. ಆಕಸ್ಮಿಕವಾಗಿ ಸತ್ತ ಗಂಟಿಗಳಿಗೆ ರಾಜ್ಯದ ಅನುಗ್ರಹ ಯೋಜನೆ ಎಂಬುದೊಂದು ಇದೆ. ಅದರ ಮೊತ್ತವನ್ನು 2025-26ರ ಬಜೆಟ್ಟಿನಲ್ಲಿ ಹಸು, ಎಮ್ಮೆ, ಎತ್ತುಗಳಿಗೆ 10,000ದಿಂದ 15,000ಕ್ಕೂ, ಆಡು ಕುರಿಗಳಿಗೆ 5,000ದಿಂದ 7,500ಕ್ಕೂ ಏರಿಸಿದರು. ಇದರ ವಿಚಾರಣೆಗೆ ಪಶು ಆಸ್ಪತ್ರೆಯೇ ಸರಿಯಾದ ಸ್ಥಳ. ಒಂದೇ ಸಾವಿಗೆ ಎರಡು ಕಡೆ ಸರಕಾರದ ಪರಿಹಾರ ಕೇಳಲು ಹೋಗಬಾರದು. ಹಾಗೆ ಮಾಡಿದರೆ ಎರಡೂ ತಪ್ಪಿ, ಮುಂದೆ ನಿಜವಾಗಿ ಕಷ್ಟ ಬಂದವರ ಮಾತಿಗೂ ಬೆಲೆ ಇಲ್ಲದಂತಾಗುತ್ತದೆ.

ತಾಯಂದಿರೇ, ನಿಮ್ಮಲ್ಲಿ ವಿಶೇಷವಾಗಿ ಒಂದು ಮಾತು. ನಮ್ಮಲ್ಲಿ ಹಟ್ಟಿಯ ಕೆಲಸ ಹೆಚ್ಚಿನದು ನಿಮ್ಮದೇ. ಅಕ್ಕಚ್ಚು ಇಡುವವರು ನೀವು, ಸೊಪ್ಪು ಹಾಸುವವರು ನೀವು, ಬೆಳಿಗ್ಗೆ ಹಾಲು ಹಿಡಿದು ಡೇರಿಗೆ ಹೋಗುವವರು ನೀವು. ಸಂಘದ ಪುಸ್ತಕ ನಿಮ್ಮ ಹೆಸರಿನಲ್ಲಿ ಇರುತ್ತದೆ. ಆದರೆ ಜಾಗದ ಪಹಣಿ ಮಾವನವರ ಹೆಸರಿನಲ್ಲಿ, ಮನೆಯ ತೆರಿಗೆ ಭಾವನವರ ಹೆಸರಿನಲ್ಲಿ, ಗಂಟಿಯ ಓಲೆಯ ದಾಖಲೆ ಗಂಡನ ಹೆಸರಿನಲ್ಲಿ ಇದ್ದರೆ, ಕಷ್ಟದ ದಿನ ಯಾರ ಹೆಸರಿನಲ್ಲಿ ಅರ್ಜಿ ಎಂಬ ಜಗಳ ಹುಟ್ಟುತ್ತದೆ. ಗಂಟಿ ಯಾರದ್ದೆಂದು ಓಲೆಯ ದಾಖಲೆಯಲ್ಲಿ ಇದೆಯೋ ಅವರ ಹೆಸರು, ಡೇರಿಯ ಪುಸ್ತಕದ ಹೆಸರು, ಬ್ಯಾಂಕಿನ ಹೆಸರು ಒಂದೇ ಆಗಿರುವ ಹಾಗೆ ಈಗಲೇ ನೋಡಿಕೊಳ್ಳಿ. ಗಂಟಿ ಮಾರಿದಾಗ, ಕೊಂಡಾಗ ಪಶು ಆಸ್ಪತ್ರೆಯಲ್ಲಿ ಹೇಳಿ ಹೆಸರು ಬದಲಿಸಿಕೊಳ್ಳಿ. ಹೆಸರು ಸರಿಪಡಿಸಲು ಬಿಸಿಲುಗಾಲದಲ್ಲಿ ಅರ್ಧ ದಿನ ಸಾಕು. ನೆರೆ ಬಂದ ಮೇಲೆ ಅರ್ಧ ವರ್ಷವೂ ಸಾಲದು.

ಈಗ ಮಳೆಗೆ ಮೊದಲು ಮಾಡಿಟ್ಟುಕೊಳ್ಳುವ ಕೆಲಸಗಳನ್ನು ಹೇಳುತ್ತೇನೆ. ಮೇ ತಿಂಗಳಲ್ಲಿ, ಹಟ್ಟಿಯ ಮಾಡಿನ ಹಂಚು ಕೈಯಾಡಿಸುವ ಹೊತ್ತಿನಲ್ಲಿ, ಇವನ್ನೂ ಮಾಡಿ ಮುಗಿಸಿರಿ.

ಎಲ್ಲ ಗಂಟಿಗೂ 12 ಅಂಕಿಯ ಕಿವಿಯೋಲೆ ಹಾಕಿಸಿರಿ. ಇದಕ್ಕೆ ಪಶು ಆಧಾರ್ ಎಂದು ಹೆಸರು. ಓಲೆ ಬಿದ್ದುಹೋಗಿದ್ದರೆ ಹೊಸದು ಹಾಕಿಸಿರಿ. ಒಂದು ಹಳೆಯ ನೋಟುಪುಸ್ತಕದಲ್ಲಿ ಗಂಟಿಯ ಹೆಸರು, ಬಣ್ಣ, ಓಲೆಯ ನಂಬ್ರ, ಕರು ಹಾಕಿದ ತಾರೀಕು, ದಿನದ ಹಾಲು ಬರೆದು, ಅಕ್ಕಿ ಡಬ್ಬಿಯಂಥ ನೀರು ತಾಗದ ಜಾಗದಲ್ಲಿ ಇಡಿ. ಎಲ್ಲ ಗಂಟಿಯ ಚಿತ್ರ ತೆಗೆದು, ಬೇರೆ ಊರಿನಲ್ಲಿರುವ ಮಗನಿಗೋ ಮಗಳಿಗೋ ಕಳಿಸಿಡಿ. ನಿಮ್ಮ ಫೋನು ನೀರಿಗೆ ಬಿದ್ದರೂ ಅವರಲ್ಲಿ ಚಿತ್ರ ಉಳಿಯುತ್ತದೆ.

ಗಳಲೆ ರೋಗ, ಚಪ್ಪೆ ರೋಗಗಳಿಗೆ ಮಳೆಗೆ ಮೊದಲೇ ಲಸಿಕೆ ಹಾಕಿಸಿರಿ. ಕಾಲುಬಾಯಿ ಲಸಿಕೆಯ ಸುತ್ತು ಬಂದಾಗ ತಪ್ಪಿಸಬೇಡಿ. ಬೈಹುಲ್ಲನ್ನು ಅಟ್ಟದ ಮೇಲೋ ಎತ್ತರದ ಕಟ್ಟೆಯ ಮೇಲೋ ಒಟ್ಟಿರಿ. ಹತ್ತು ದಿನದ ಹಿಂಡಿ ಒಣಗಿದ ಜಾಗದಲ್ಲಿ ಇರಲಿ.

ವಿಮೆಯನ್ನು ಮರೆಯಬೇಡಿ. ರಾಷ್ಟ್ರೀಯ ಜಾನುವಾರು ಮಿಷನ್ನಿನ ವಿಮೆಯಲ್ಲಿ 2024ರ ಬದಲಾವಣೆಯ ಪ್ರಕಾರ ವಿಮಾ ಕಂತಿನ ನೂರರಲ್ಲಿ 15 ಪಾಲು ಮಾತ್ರ ರೈತರದು, ಉಳಿದದ್ದು ಸರಕಾರಗಳದು. ವಿಮೆಗೆ ಹಸುವಿನ ಬೆಲೆಯನ್ನು ಡಾಕ್ಟರು ನೋಡಿ ಕಟ್ಟುವುದರಿಂದ, ಸಂತೆಯ ಬೆಲೆಗೆ ಹತ್ತಿರದ ಹಣ ಸಿಗುವ ದಾರಿ ಅದೊಂದೇ. ಅಲ್ಲಿಯೂ ಕಿವಿಯ ಓಲೆಯೇ ಗುರುತು. ಓಲೆ ಇಲ್ಲದ ಹಸುವಿಗೆ ವಿಮೆಯ ಹಣ ಕೇಳುವುದು ಬಹಳ ಕಷ್ಟ. ನಾಲ್ಕೈದು ಹಸು ಸಾಕುವ ಮನೆಯವರು ಸರಕಾರದ ನೆರವಿಗೆ ಮೂರರ ಮಿತಿ ಇದೆ ಎಂಬುದನ್ನು ನೆನೆದು ವಿಮೆ ಮಾಡಿಸತಕ್ಕದ್ದು.

ಹೊಳೆಯ ನೀರು ಏರುವ ಲಕ್ಷಣ ಕಂಡಾಗ, ಮೊದಲು ಹಗ್ಗ ಬಿಚ್ಚಿರಿ. ಎಷ್ಟೋ ಗಂಟಿಗಳು ಸಾಯುವುದು ನೀರಿನಿಂದಲ್ಲ, ಕೊರಳ ಹಗ್ಗದಿಂದ. ಬಿಟ್ಟ ಗಂಟಿ ಈಜಿ ದಡ ಸೇರುತ್ತದೆ, ಕಟ್ಟಿದ ಗಂಟಿ ನಿಂತಲ್ಲೇ ಮುಳುಗುತ್ತದೆ. ಮಳೆಗಾಲದ ರಾತ್ರಿ ಕಟ್ಟುವಾಗ ಎಳೆದರೆ ಬಿಚ್ಚುವ ಗಂಟು ಹಾಕಿರಿ. ಒಂದು ಕತ್ತಿ ಹಟ್ಟಿಯ ಬಾಗಿಲಲ್ಲೇ ಇರಲಿ. ಬಾಣಂತಿ ಹಸು, ಎಳೆಗರು, ಗಬ್ಬದ ಎಮ್ಮೆಗಳನ್ನು ಹಗಲಿರುವಾಗಲೇ ಎತ್ತರದ ಮನೆಗೆ ಸಾಗಿಸಿರಿ. ಎತ್ತರದಲ್ಲಿ ಮನೆ ಇರುವವರೂ ಕೇಳಿ. ನಿಮ್ಮ ಅಂಗಳದ ಚಪ್ಪರದಲ್ಲಿ ಕೆಳಗಿನವರ ಎರಡು ಗಂಟಿಗೆ ಎರಡು ರಾತ್ರಿ ಜಾಗ ಕೊಟ್ಟರೆ, ಅದು ಯಾವ ಸರಕಾರವೂ ಕೊಡಲಾರದ ನೆರವು.

ನೀರು ಇಳಿದ ಮೇಲೆ ಉಳಿದ ಗಂಟಿಗಳ ಆರೈಕೆ ಬೇಕು. ಕೆಸರಿನಲ್ಲಿ ನಿಂತ ಗೊರಸು ಕೊಳೆಯುತ್ತದೆ, ಕೆಚ್ಚಲಿಗೆ ಬಾವು ಬರುತ್ತದೆ. ಕಾಲು, ಕೆಚ್ಚಲು ತೊಳೆದು ಒರಸಿ, ಹಟ್ಟಿಗೆ ಸುಣ್ಣ ಎರಚಿ, ಒಣ ಹಾಸು ಹಾಕಿರಿ. ಬೂಷ್ಟು ಹಿಡಿದ ಬೈಹುಲ್ಲು, ನೆನೆದು ಹುಳಿತ ಹಿಂಡಿ ಕೊಡಬೇಡಿ. ಕೆಸರು ನೀರಿನಲ್ಲಿ ಇಲಿಜ್ವರದ ಭಯ ಮನುಷ್ಯರಿಗೂ ಇದೆ. ಕಾಲಿಗೆ ಗಾಯವಿದ್ದವರು ಹಟ್ಟಿಯ ನೀರಿಗೆ ಬರಿಗಾಲಿನಲ್ಲಿ ಇಳಿಯಬಾರದು. ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಕೆಲವರು ಸರಕಾರದ ಹಣ ಕೇಳಲು ನಾಚುತ್ತಾರೆ. "ನಮ್ಗೆಂತಕೆ, ಇಲ್ಲದವ್ರಿಗೆ ಸಿಕ್ಕಲಿ" ಎನ್ನುತ್ತಾರೆ. ಒಳ್ಳೆಯ ಮನಸ್ಸು. ಆದರೆ ಒಂದು ಸಂಗತಿ ಯೋಚಿಸಿರಿ. ನೆರೆಯಲ್ಲಿ ಹೋದ ಗಂಟಿಯ ಲೆಕ್ಕ ಕಾಗದಕ್ಕೆ ಬಾರದಿದ್ದರೆ, ಆ ಊರಿನಲ್ಲಿ ನಷ್ಟವೇ ಆಗಿಲ್ಲವೆಂದು ಕಾಗದ ಹೇಳುತ್ತದೆ. ಮುಂದಿನ ವರ್ಷ ದೋಣಿ ಎಲ್ಲಿ ಇಡಬೇಕು, ಗಂಟಿಗಳಿಗೆ ಎತ್ತರದ ಕಟ್ಟೆ ಎಲ್ಲಿ ಬೇಕು, ಕಿಂಡಿ ಅಣೆಕಟ್ಟಿನ ಹಲಗೆ ಯಾವಾಗ ತೆಗೆಯಬೇಕು ಎಂದು ತೀರ್ಮಾನ ಮಾಡುವವರು ಆ ಕಾಗದವನ್ನೇ ನೋಡುತ್ತಾರೆ. ನಿಮ್ಮ ಒಂದು ಹಸುವಿನ ಲೆಕ್ಕ ನಿಮ್ಮ ಊರಿನ ಲೆಕ್ಕ. ಅದನ್ನು ಬರೆಸುವುದು ಭಿಕ್ಷೆ ಬೇಡಿದ ಹಾಗಲ್ಲ. ಅಂತೆಯೇ ಇಲ್ಲದ ಗಂಟಿಯ ಲೆಕ್ಕ ಬರೆಸುವುದೂ ಊರಿಗೆ ಮಾಡಿದ ದ್ರೋಹವೇ.

ಈ ಪುಸ್ತಕ ಓದಿ ಮುಗಿಸಿದ ಮೇಲೆ ಕಪಾಟಿನಲ್ಲಿ ಇಡಬೇಡಿ. ಓದು ಬಾರದ ನೆರೆಮನೆಯ ಅಜ್ಜಿಗೆ ಒಮ್ಮೆ ಓದಿ ಹೇಳಿ. ಡೇರಿಯಲ್ಲಿ ಹಾಲು ಅಳೆಯಲು ಕಾಯುವ ಹೊತ್ತಿನಲ್ಲಿ ಈ ಐದು ಕೆಲಸಗಳ ಮಾತು ಎತ್ತಿರಿ: ತಿಳಿಸುವುದು, ಚಿತ್ರ, ಡಾಕ್ಟರ ದೃಢಪತ್ರ, ಮಹಜರು, ಅರ್ಜಿ. ಬೆರಳು ಐದು, ಕೆಲಸವೂ ಐದು. ಮಕ್ಕಳೂ ನೆನಪಿಟ್ಟುಕೊಳ್ಳಬಹುದು.

ನಿಮ್ಮ ಹಟ್ಟಿ ತುಂಬಿರಲಿ. ಈ ಮಾತುಗಳ ಉಪಯೋಗ ನಿಮಗೆ ಯಾವ ಮಳೆಗಾಲದಲ್ಲಿಯೂ ಬಾರದಿರಲಿ. ಬಂದರೆ ಕಾಗದಪತ್ರ ಸಿದ್ಧವಾಗಿರಲಿ.